ಮೈಸೂರಿನ ಪೆಟ್ರೋಲು

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಟೋಕಿಯೋ ಪಕ್ಕದ ಇಚಿಕಾವಾದ ಸಮುದಾಯ ಭವನದಲ್ಲೊಂದು ಸಣ್ಣ ಕೋಣೆ ಹಿಡಿದು, ಬಾಗಿಲ ಬಳಿ ಚಪ್ಪಲಿ ಬಿಟ್ಟು, ಮಡಚುವ ಕುರ್ಚಿಗಳ ಮೇಲೆ ಕುಳಿತು, ನಾವು ಒಂದಷ್ಟು ಕನ್ನಡಿಗರೂ ಕಚೇರಿಯ ಕೆಲವು ಜಪಾನೀಯರೂ ಅವರನ್ನು ನೆನೆದೆವು. ಎದ್ದು ನಿಂತು ಮಾತನಾಡಿದವರೆಲ್ಲರೂ ಎತ್ತಿ ಹೇಳಿದ್ದು ಒಂದೇ ಗುಣವನ್ನು. ಅವರು ಬಹಳ ಜಾಗರೂಕರು. ಗ್ಯಾಸ್ ಆರಿಸಿ, ಆರಿಸಿದ್ದೇನೆಯೇ ಎಂದು ನೋಡಲು ಮತ್ತೆ ಮೆಟ್ಟಿಲು ಹತ್ತುತ್ತಿದ್ದರು. ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಿದ್ದರೂ ಹಸಿರು ದೀಪಕ್ಕೆ ಕಾಯುತ್ತಿದ್ದರು. ಆಕಾಶ ನಿರ್ಮಲವಾಗಿದ್ದ ದಿನವೂ ಕೊಡೆ ತರುತ್ತಿದ್ದರು.

ಇವು ಯಾವುವೂ ಸುಳ್ಳಲ್ಲ. ಆದರೂ ಆ ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದ್ದಂತೆ ನನಗೆ ಕುರ್ಚಿಯಲ್ಲಿ ಕುಳಿತಿರುವುದೇ ಕಷ್ಟವಾಯಿತು. ನನ್ನ ಸರದಿ ಬರುವ ವೇಳೆಗೆ ಕೋಣೆಯನ್ನು ತೆರವು ಮಾಡುವ ಸಮಯ ಮೀರುತ್ತಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ನಾನು ಅವರನ್ನು ಕರೆಯುತ್ತಿದ್ದುದು ‘ಮೇಡಂ’ ಎಂದು, ಇಲ್ಲಿಯೂ ಹಾಗೆಯೇ ಇರಲಿ.

ಕಾರುಗಳ ಎಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರಿಗೆ ತಂತ್ರಾಂಶ ಬರೆಯುವ ಕಂಪನಿ ನಮ್ಮದು. ಮೇಡಂ ಮೈಸೂರಿನವರು. ನಾನಿನ್ನೂ ಊರಿನ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದ ಕಾಲಕ್ಕೇ ಟೋಕಿಯೋಗೆ ಬಂದು, ಗಂಡಸರೇ ತುಂಬಿದ್ದ ಆ ವಿಭಾಗದಲ್ಲಿ ಕೆಲಸ ಕಲಿತು, ಕೊನೆಗೆ ಅದರ ಮುಖ್ಯಸ್ಥರಾದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಅಪ್ಪ ಹಿಟ್ಟಿನ ಗಿರಣಿಯಲ್ಲಿ ದುಡಿದರು. ಓದಿದ ಮನೆಗಳಲ್ಲಿ ಹೇಗೆ ಮಾತನಾಡುತ್ತಾರೆ, ಮೀಟಿಂಗಿನಲ್ಲಿ ಯಾವಾಗ ತಲೆಯಾಡಿಸುತ್ತಾರೆ ಎಂಬುದನ್ನೆಲ್ಲ ನಾನು ನೋಡಿ ನೋಡಿ ಕಲಿತದ್ದು. ಹಾಗಾಗಿ ಅವರ ತಂಡಕ್ಕೆ ಸೇರಿದ ಹೊಸದರಲ್ಲಿ ಪ್ರತಿ ವಾಕ್ಯದ ಮೊದಲು ಒಂದು ‘ಸುಮಿಮಾಸೆನ್’ ಸೇರಿಸುತ್ತಿದ್ದೆ, ಕ್ಷಮಿಸಿ ಎಂದು.

ಒಂದು ದಿನ ಲಿಫ್ಟಿನಲ್ಲಿ ಅವರು ಕನ್ನಡದಲ್ಲಿ ಗದರಿದರು. “ಲೇ ಹುಡುಗಿ, ತಪ್ಪು ಮಾಡಿದ್ಮೇಲೆ ಸುಮಿಮಾಸೆನ್ ಅನ್ನು. ಉಸಿರಾಡೋದಕ್ಕೆಲ್ಲ ಯಾಕೆ?”

“ಸಾರಿ ಮೇಡಂ.”

“ನೋಡು, ಇನ್ನೊಂದು ಭಾಷೇಲಿ ಶುರು ಮಾಡಿದ್ಳು!”

ಅವರು ಒಂದೆಡೆ ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಮೊಸರನ್ನದ ಡಬ್ಬಿ ಹಿಡಿದು ಕಚೇರಿಯ ಹಿಂದಿನ ಕಾಲುವೆಯ ದಂಡೆಯಲ್ಲಿ ನಡೆಯುತ್ತಲೇ ಊಟ ಮುಗಿಸುತ್ತಿದ್ದರು. ತೋಜಾಯ್ ಮಾರ್ಗದ ರೈಲಿನಲ್ಲಿ ಸೀಟು ಸಿಕ್ಕರೂ ಕೂರದೆ ಒಂದು ಬೋಗಿಯಿಂದ ಮತ್ತೊಂದಕ್ಕೆ ಹೋಗುತ್ತಿದ್ದರು. “ನಡೆದ್ರೆ ರೈಲು ಬೇಗ ಮುಟ್ಟಲ್ಲ ಮೇಡಂ,” ಎಂದು ನಾನೊಮ್ಮೆ ಧೈರ್ಯ ಮಾಡಿ ಹೇಳಿದ್ದೆ. “ರೈಲು ಮುಟ್ಟಲ್ಲ, ನಾನು ಮುಟ್ತೀನಿ,” ಎಂದಿದ್ದರು. ಅದರ ಅರ್ಥ ನನಗಿನ್ನೂ ಪೂರ್ತಿ ಆಗಿಲ್ಲ.

ಇಂಥವರ ಕೈಕೆಳಗೆ ನಾನು ಕಲಿತದ್ದು ಮಾತ್ರ ತಡೆದು ನಿಲ್ಲಿಸುವ ವಿದ್ಯೆಯನ್ನು. ಎಂಜಿನ್ ಎಷ್ಟು ವೇಗವಾಗಿ ಸುತ್ತುತ್ತಿದೆ, ಅದರ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂಬುದನ್ನು ನೋಡಿ, ಪೆಟ್ರೋಲಿಗೆ ಕಿಡಿ ಯಾವ ಕ್ಷಣದಲ್ಲಿ ತಾಗಬೇಕೆಂದು ಕಂಪ್ಯೂಟರಿಗೆ ಹೇಳುವ ಸಂಖ್ಯೆಗಳ ಕೋಷ್ಟಕವೊಂದಿರುತ್ತದೆ. ಕಿಡಿ ಬೇಗ ತಾಗಿದರೆ ಶಕ್ತಿ ಹೆಚ್ಚು. ತೀರ ಬೇಗವಾದರೆ ಎಂಜಿನ್ ಒಳಗೊಳಗೇ ಬಡಿದುಕೊಂಡು ಒಡೆಯುತ್ತದೆ. ಹಾಗಾಗಿ ಬರೆಯುವವರು ಎಲ್ಲ ಕಡೆಯೂ ಕಿಡಿಯನ್ನು ಸ್ವಲ್ಪ ತಡವಾಗಿಸಿ, ಹಿಂದಕ್ಕೆ ಹಿಡಿದು ಬರೆಯುತ್ತಾರೆ. “ಚೆನ್ನಾಗಿ ನೋಡ್ಕೊಳ್ಳೋನಿಗೆ ಬರೆಯೋದಲ್ಲ ಕಣೇ,” ಎನ್ನುತ್ತಿದ್ದರು. “ಆಯಿಲ್ ಬದಲಾಯಿಸದ ಸೋಮಾರಿಗೆ, ಆಗಸ್ಟ್ ಬಿಸಿಲಿಗೆ, ಅಗ್ಗದ ಪೆಟ್ರೋಲ್ ಹಾಕೋ ಜುಗ್ಗನಿಗೆ ಬರೆಯೋದು.”

ನಾನು ಆ ಪಾಠವನ್ನು ಅಗತ್ಯಕ್ಕಿಂತ ಚೆನ್ನಾಗಿ ಕಲಿತೆ. ಹಿಡಿದದ್ದರ ಮೇಲೆ ಮತ್ತಷ್ಟು ಹಿಡಿದು ಬರೆಯುತ್ತಿದ್ದೆ. ನನ್ನ ಕೋಷ್ಟಕವನ್ನು ಪರಿಶೀಲಿಸುವಾಗ ಅವರು ಪೆನ್ನಿನ ಹಿಂಬದಿಯಿಂದ ಪರದೆಯನ್ನು ಕುಟ್ಟಿ, “ಇದ್ಯಾರಿಗೆ? ಇದ್ಯಾರಿಗೆ?” ಎಂದು ಕೇಳುತ್ತಾ ಹೋಗುತ್ತಿದ್ದರು. ಉತ್ತರವಿದ್ದ ಸಂಖ್ಯೆ ಉಳಿಯುತ್ತಿತ್ತು. ‘ಇರಲಿ ಅಂತ’ ಎಂದರೆ ಅಲ್ಲೇ ಅಳಿಸಿಬಿಡುತ್ತಿದ್ದರು. ಜಾಗರೂಕರು ಎಂದು ಹೆಸರಾದವರಿಗೆ ಆ ಒಂದು ಉತ್ತರದ ಮೇಲೆ ಅಷ್ಟು ಕೋಪವೇಕೆಂದು ನನಗೆ ಬಹಳ ದಿನ ತಿಳಿಯಲಿಲ್ಲ.

ಅವರ ಬಳಿ ಒಂದು ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ಕಡುನೀಲಿ ಬಣ್ಣ, ನೆಲಕ್ಕೆ ಅಂಟಿದಂತೆ ತಗ್ಗು. ಒಳಗೆ ಕೂರಬೇಕೆಂದರೆ ಹಳೆಯ ಬಾವಿಗೆ ಇಳಿದ ಹಾಗೆ ಇಳಿಯಬೇಕು. ಮಾದರಿ ನಿಂತುಹೋಗಿ ಎಷ್ಟೋ ವರ್ಷಗಳಾಗಿದ್ದವು. ಮೇಡಂ ಅದನ್ನು ಮನೆಯ ಹತ್ತಿರ ಬಾಡಿಗೆಯ ಜಾಗದಲ್ಲಿ ನಿಲ್ಲಿಸಿ, ಭಾನುವಾರ ಮಾತ್ರ ತೆಗೆಯುತ್ತಿದ್ದರು. “ಇವಳದು ಕಾರಿನ ಜೊತೆ ಸಂಸಾರ ಕಣಮ್ಮ. ಆ ಸಂಸಾರಕ್ಕೆ ಮನೆ ಬಾಡಿಗೆ ಕಟ್ಟೋದು ಮಾತ್ರ ನಾನು,” ಎಂದು ನಾನು ಹಬ್ಬದ ಊಟಕ್ಕೆ ಹೋದಾಗಲೆಲ್ಲ ಅವರ ಯಜಮಾನರು ಹೇಳುತ್ತಿದ್ದರು. ಮೇಡಂ ಅಡುಗೆಮನೆಯಿಂದಲೇ, “ಅದು ತಿರುಗಿ ಮಾತಾಡಲ್ಲ, ಅದಕ್ಕೇ,” ಎಂದು ಕೂಗುತ್ತಿದ್ದರು.

ಒಂದು ವಸಂತದ ಮಧ್ಯಾಹ್ನ ಎದೋಗಾವಾ ನದಿಯ ಏರಿಯ ಕೆಳಗೆ ಆ ಕಾರನ್ನು ನಿಲ್ಲಿಸಿ, ಇಬ್ಬರೂ ಹಗಲಿರುಳು ತೆರೆದಿರುವ ಕೊಂಬಿನಿ ಅಂಗಡಿಯ ಕಾಫಿ ಹಿಡಿದು ಏರಿಯ ಮೇಲೆ ನಿಂತಿದ್ದೆವು. ನಾನು ಕಾರನ್ನು ಹೊಗಳಿದೆ. ಅವರು ಕಾಫಿಯ ಲೋಟವನ್ನು ಒಂದು ಕೈಯಿಂದ ಮತ್ತೊಂದಕ್ಕೆ ಬದಲಾಯಿಸುತ್ತಾ, “ಇದರ ಕಂಪ್ಯೂಟರಿನ ಸಂಖ್ಯೆಗಳನ್ನ ತಿದ್ದಿಸಿ, ಹೊರಗಡೆ ಟ್ಯೂನ್ ಮಾಡಿಸೋಣವಾ ಅಂತಿದೀನಿ. ನಿನಗೇನನ್ಸತ್ತೆ?” ಎಂದರು.

ಪೂಜಾರಿಯೊಬ್ಬರು ತಮ್ಮ ಮನೆಯ ಪೂಜೆಗೆ ಬೇರೆ ಪೂಜಾರಿಯನ್ನು ಹುಡುಕಿದಂತಿತ್ತು ಅದು. ಹಾಗೆಯೇ ಹೇಳಿದೆ. ಅವರು ನಗಲಿಲ್ಲ.

“ಕಂಪನಿ ಸಾಮಾನಿಂದ ಸ್ವಂತ ಕಾರು ಮುಟ್ಟೋ ಹಾಗಿಲ್ಲ. ಅದಿರಲಿ. ಇದರಲ್ಲಿರೋ ಟೇಬಲ್ ಯಾರದು ಗೊತ್ತಾ? ನಂದು. ಬಂದ ಹೊಸದರಲ್ಲಿ ಬರೆದಿದ್ದು.”

ಆಮೇಲೆ ಅವರು ಹೇಳಿದ್ದನ್ನು ನಾನು ಮತ್ತೆ ಯಾರ ಬಾಯಿಂದಲೂ ಕೇಳಿಲ್ಲ. ಆ ಕೋಷ್ಟಕದ ಮೇಲಿನ ಬಲಮೂಲೆ, ಅಂದರೆ ಎಂಜಿನ್ ಪೂರ್ಣ ವೇಗದಲ್ಲಿ ಪೂರ್ಣ ಹೊರೆ ಎಳೆಯುವಾಗಿನ ಸಂಖ್ಯೆಗಳು ಅವರ ಪಾಲಿಗೆ ಬಂದಿದ್ದವು. ಹಿರಿಯರು ಎಷ್ಟು ಹಿಡಿಯಬೇಕೋ ಅಷ್ಟನ್ನು ಮೊದಲೇ ಹಿಡಿದಿದ್ದರು. ಮೇಡಂ ಅದರ ಮೇಲೆ ತಮ್ಮದೊಂದಿಷ್ಟನ್ನು ಸೇರಿಸಿದರು. ಕಾರಣ, ಮೈಸೂರಿನಲ್ಲಿ ಅವರ ಸೋದರಮಾವನಿಗೊಂದು ಹಳೆಯ ಕಾರಿತ್ತು. ಸೀಮೆಎಣ್ಣೆ ಬೆರೆತ ಪೆಟ್ರೋಲು ಹಾಕಿಸಿದ ದಿನ ಅದು ಚಾಮುಂಡಿ ಬೆಟ್ಟ ಹತ್ತುವಾಗ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದಂತೆ ಬಡಿದುಕೊಳ್ಳುತ್ತಿತ್ತು. ಒಮ್ಮೆ ಬೆಟ್ಟದ ಅರ್ಧದಲ್ಲಿ, ಮನೆಮಂದಿಯೆಲ್ಲ ಒಳಗಿರುವಾಗ, ಎಂಜಿನ್ ಸತ್ತುಹೋಯಿತು. ಸಂಖ್ಯೆಗಳನ್ನು ಬರೆಯುವಾಗ ಅವರ ಕಿವಿಯಲ್ಲಿ ಇದ್ದದ್ದು ಆ ಸದ್ದು.

“ಈ ಕಾರು ಜಪಾನ್ ಬಿಟ್ಟು ಆಚೆ ಹೋಗೋದೇ ಇಲ್ಲ ಅಂತ ನಮಗೆ ಕೊಟ್ಟ ಕಾಗದದ ಮೊದಲ ಪುಟದಲ್ಲೇ ಬರೆದಿತ್ತು ಕಣೇ. ಇಲ್ಲಿ ಯಾವ ಬಂಕ್‌ನಲ್ಲಿ ಸೀಮೆಎಣ್ಣೆ ಬೆರೆಸ್ತಾರೆ? ನಾನು ಮೈಸೂರಿನ ಪೆಟ್ರೋಲಿಗೆ ಬರೆದೆ.”

“ಪರಿಶೀಲನೆಯಲ್ಲಿ ಯಾರೂ ಕೇಳಲಿಲ್ಲವೇ ಮೇಡಂ?”

“ಜಾಸ್ತಿ ಹೆದರಿದವರನ್ನ ಯಾರು ಕೇಳ್ತಾರೆ? ಕಮ್ಮಿ ಹೆದರಿದವರನ್ನ ತಾನೇ ಕೇಳೋದು. ‘ಎಚ್ಚರಿಕೆಯ ಕೆಲಸ’ ಅಂತ ಹೊಗಳಿ, ಸೀಲ್ ಒತ್ತಿದ್ರು.”

ನದಿಯ ಮೇಲಿನ ಸೇತುವೆಯಲ್ಲಿ ರೈಲು ಹಾದುಹೋಯಿತು. ಅದರ ಸದ್ದು ಮುಗಿದ ಮೇಲೆ ಅವರು ಹೇಳಿದರು: “ಹೆದರು, ಬೇಡ ಅನ್ನಲ್ಲ. ಯಾವ ಬಂಕ್‌ನಿಂದ ತುಂಬಿಸ್ಕೊಂಡು ಬಂದಿರೋ ಹೆದರಿಕೆ ಅಂತ ಮಾತ್ರ ಗೊತ್ತಿರಲಿ.” ಕಚೇರಿಯಲ್ಲಿ ಅವರು ನನ್ನ ಪರದೆಯನ್ನು ಕುಟ್ಟಿ ಕೇಳುತ್ತಿದ್ದ ‘ಇದ್ಯಾರಿಗೆ’ ಎಂಬ ಪ್ರಶ್ನೆಯ ಮೂಲ ಅಂದು ತಿಳಿಯಿತು.

ಆ ದಿನದಿಂದ ಟ್ಯೂನ್ ಮಾಡಿಸಬೇಕೇ ಬೇಡವೇ ಎಂಬುದು ಅವರನ್ನು ಹಿಡಿದ ಜ್ವರವಾಯಿತು. ಬೆಳಿಗ್ಗೆ ನಿಶ್ಚಯ, ಮಧ್ಯಾಹ್ನಕ್ಕೆ ಅನುಮಾನ, ಸಂಜೆಗೆ ನಿರಾಕರಣೆ. ಒಂದೇ ರೈಲು ಪ್ರಯಾಣದಲ್ಲಿ ಎರಡೂ ಕಡೆಯ ವಕೀಲರಾಗುತ್ತಿದ್ದರು. ಹೊರಗಿನವರು ಕಂಪ್ಯೂಟರನ್ನು ಮುಟ್ಟಿದ ಕಾರನ್ನು ಡೀಲರು ಮತ್ತೆ ರಿಪೇರಿಗೆ ಹತ್ತಿರ ಸೇರಿಸದೇ ಇರಬಹುದು. ಎರಡು ವರ್ಷಕ್ಕೊಮ್ಮೆ ಬರುವ ಸರ್ಕಾರಿ ತಪಾಸಣೆಯಲ್ಲಿ ತಕರಾರು ಬರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಎಂಜಿನ್ ಹಳೆಯದು. ಒಡೆದರೆ ಅದರ ಬಿಡಿಭಾಗಗಳನ್ನು ಮಾಡುವವರೇ ಈಗಿಲ್ಲ, ಕಾರು ಮುಗಿದ ಹಾಗೆ. ಇಷ್ಟನ್ನೂ ಅವರೇ ಹೇಳಿ, ಮುಂದಿನ ನಿಲ್ದಾಣ ಬರುವಷ್ಟರಲ್ಲಿ, “ಆದ್ರೂ ಅದು ಹೇಗಿರಬೇಕಿತ್ತು ಅಂತ ಒಂದ್ಸಲ ನೋಡದೇ ಬಿಡೋದಾ?” ಎನ್ನುತ್ತಿದ್ದರು.

ಅವರು ಬಾಯಿ ಬಿಟ್ಟು ಹೇಳದ ಮತ್ತೊಂದು ಕಾರಣವೂ ಇತ್ತೆಂದು ನನ್ನ ಊಹೆ. ನಿವೃತ್ತಿ ಹತ್ತಿರವಾಗುತ್ತಿತ್ತು. ಅವರು ಬರೆದ ಉಳಿದ ಕೋಷ್ಟಕಗಳ ಕಾರುಗಳೆಲ್ಲ ಆಗಲೇ ಗುಜರಿ ಸೇರಿದ್ದವು. ಅವರ ಕೈಯ ಕೆಲಸ ಇನ್ನೂ ಓಡಾಡುತ್ತಿದ್ದದ್ದು ಈ ಮಾದರಿಯ ಅಳಿದುಳಿದ ಕಾರುಗಳಲ್ಲಿ ಮಾತ್ರ. ಅದನ್ನು ಅಪರಿಚಿತನೊಬ್ಬನ ಮುಂದಿಟ್ಟು ‘ಅಳಿಸು’ ಎನ್ನಬೇಕಾಗಿತ್ತು.

ನನ್ನ ಅಭಿಪ್ರಾಯವನ್ನು ಅವರು ಪದೇ ಪದೇ ಕೇಳಿದರು. ನಾನು ಪ್ರತಿ ಬಾರಿಯೂ ಎರಡೂ ಬದಿಯ ಅನುಕೂಲ ಅನನುಕೂಲಗಳನ್ನು ಕ್ರಮವಾಗಿ ವಿವರಿಸಿದೆ. “ಥೂ, ನೀನು ಸಂಪಾದಕೀಯ ಕಣೇ,” ಎಂದು ಒಂದು ದಿನ ರೇಗಿ, ಮೊಬೈಲ್ ತೆಗೆದು, ನನ್ನೆದುರಿಗೇ ಚಿಬಾ ಕಡೆಯ ಒಂದು ಟ್ಯೂನಿಂಗ್ ಅಂಗಡಿಗೆ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಂಡರು. ಇಟ್ಟ ಕೂಡಲೇ, “ಅಯ್ಯೋ, ಮಾಡೇ ಬಿಟ್ನಲ್ಲ!” ಎಂದರು.

ಅಂಗಡಿಯೆಂದರೆ ಹೊಲಗಳ ಮಧ್ಯೆ ಒಂದು ತಗಡಿನ ಶೆಡ್ಡು. ಒಳಗೆ ನೆಲ ಆಸ್ಪತ್ರೆಯಷ್ಟು ಸ್ವಚ್ಛ. ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಕಾರನ್ನು ನಿಂತಲ್ಲೇ ಓಡಿಸಿ ನೋಡುವ ಯಂತ್ರವಿತ್ತು. ಮಾಲೀಕರು ಐವತ್ತರ ಆಸುಪಾಸಿನವರು, ಮಾತು ಮಿತ. ಮೇಡಂ ತಾವು ಯಾರೆಂದು ಹೇಳಲಿಲ್ಲ. ಮಾಮೂಲಿ ಗಿರಾಕಿಯ ಹಾಗೆ ಗೋಣು ಬಗ್ಗಿಸಿ ನಿಂತರು. ಅವರ ಬೆರಳುಗಳು ಮಾತ್ರ ಕೀಲಿಗೊಂಚಲನ್ನು ಬಿಡದೆ ತಿರುಗಿಸುತ್ತಿದ್ದವು.

ಮಾಲೀಕರದೊಂದು ಕ್ರಮವಿತ್ತು. ಹೊಸ ಕಾರು ಬಂದರೆ ಅವರು ತಕ್ಷಣ ಕೈ ಹಾಕುತ್ತಿರಲಿಲ್ಲ. ಒಂದು ಪುಟ್ಟ ದಾಖಲೆಯಂತ್ರವನ್ನು ಸಿಕ್ಕಿಸಿ, “ನೀವು ದಿನವೂ ಓಡಿಸುವ ಹಾಗೆಯೇ ಒಂದು ಸುತ್ತು ಓಡಿಸಿಕೊಂಡು ಬನ್ನಿ,” ಎಂದು ಕಳುಹಿಸುತ್ತಿದ್ದರು. ನಾವು ಹೊಲಗಳ ನಡುವಿನ ರಸ್ತೆಯಲ್ಲೂ ಸಮುದ್ರದ ಕಡೆಯ ಹೆದ್ದಾರಿಯಲ್ಲೂ ತಿರುಗಿ ಬಂದೆವು. ಮೇಡಂ ಬಹಳ ಚೆನ್ನಾಗಿ ಓಡಿಸಿದರು. ಗೇರ್ ಬದಲಾಯಿಸಿದ್ದು ನನಗೆ ತಿಳಿಯುತ್ತಲೇ ಇರಲಿಲ್ಲ.

ಮಾಲೀಕರು ದಾಖಲೆಯನ್ನು ಪರದೆಗೆ ತಂದರು. ಮೇಡಂ ಬರೆದ ಅದೇ ಕೋಷ್ಟಕ, ಅದರ ಮೇಲೆ ಕಾರು ಓಡಿದ ಜಾಗಗಳಲ್ಲೆಲ್ಲ ಕಿತ್ತಳೆ ಚುಕ್ಕೆಗಳು. ಚುಕ್ಕೆಗಳೆಲ್ಲ ನಿಧಾನದ ಓಟದ ಕೆಳಗಿನ ಎಡಮೂಲೆಯಲ್ಲಿ, ಚೆಲ್ಲಿದ ತೊಗರಿಬೇಳೆಯ ಹಾಗೆ ಗುಂಪಾಗಿದ್ದವು. ನಡುವೆ ಅಲ್ಲೊಂದು ಇಲ್ಲೊಂದು. ಮೇಲಿನ ಬಲಮೂಲೆ ಖಾಲಿ. ಮಾಲೀಕರು ಏನನ್ನೋ ಹೇಳಲು ಸೌಜನ್ಯದ ಪದ ಹುಡುಕುತ್ತಿದ್ದರು. ಅಷ್ಟರಲ್ಲಿ ಮೇಡಂ ಪರದೆಯನ್ನು ಓದಿ ಮುಗಿಸಿದ್ದರು.

“ನೋಡೇ,” ಎಂದರು ಕನ್ನಡದಲ್ಲಿ, ಬಹಳ ಮೆಲ್ಲಗೆ. “ನಾನೇ ಬೀಗ ಹಾಕಿದ ಕೋಣೆ. ಇಷ್ಟು ವರ್ಷ ಅದರ ಬಗ್ಗೆ ನಿದ್ದೆಗೆಟ್ಟಿದೀನಿ. ಬಾಗಿಲವರೆಗೂ ಹೋಗಿಲ್ಲ.”

“ರಸ್ತೆಯಲ್ಲಿ ಹೋಗುವುದು ಸಾಧ್ಯವೂ ಇಲ್ಲವಲ್ಲ ಮೇಡಂ,” ಎಂದೆ.

“ಸಮಾಧಾನ ಮಾಡ್ಬೇಡ. ಹತ್ತಿರ ಹತ್ತಿರವಾದ್ರೂ ಹೋಗಬಹುದಿತ್ತು.”

ಹೀಗೆ ಓಡಿಸುವವರಿಗೆ ಟ್ಯೂನಿಂಗ್ ಬೇಕಾಗಿಲ್ಲವೆಂದು ಮಾಲೀಕರು ಕೊನೆಗೆ ನಯವಾಗಿ ಹೇಳಿದರು. ಅಲ್ಲಿಗೆ ಮುಗಿಯಿತು ಎಂದು ನನಗೆ ನಿಜಕ್ಕೂ ಹಗುರವಾಯಿತು. ಕಾರು ಉಳಿಯಿತು, ಡೀಲರಿನ ಸಂಬಂಧ ಉಳಿಯಿತು. ಆದರೆ ಮೇಡಂ ಹೊರಡುವ ಬದಲು ಶೆಡ್ಡಿನ ಉದ್ದಕ್ಕೂ ಅತ್ತಿಂದಿತ್ತ ನಡೆದು, ಗೋಡೆಯ ಮೇಲಿದ್ದ ಒಂದು ಪ್ರಕಟಣೆಯ ಮುಂದೆ ನಿಂತುಬಿಟ್ಟರು. ಅಂಗಡಿಯ ಗಿರಾಕಿಗಳು ಗುಡ್ಡದ ನಡುವಿನ ಒಂದು ಸಣ್ಣ ರೇಸ್ ಟ್ರ್ಯಾಕನ್ನು ಬಾಡಿಗೆಗೆ ಹಿಡಿದು, ತಮ್ಮ ತಮ್ಮ ಕಾರುಗಳನ್ನು ಮನಸಾರೆ ಓಡಿಸುವ ದಿನವೊಂದು ಗೊತ್ತಾಗಿತ್ತು.

“ಹೆಂಗಸರೂ ಬರಬಹುದೇ?” ಎಂದು ಜಪಾನಿಯಲ್ಲಿ ಕೇಳಿದರು.

“ಹೆಲ್ಮೆಟ್ ಇದ್ದವರು ಯಾರು ಬೇಕಾದರೂ ಬರಬಹುದು,” ಎಂದರು ಮಾಲೀಕರು.

ಆ ದಿನ ನಾನು ತಡೆಬೇಲಿಯ ಹೊರಗೆ ನಿಂತಿದ್ದೆ. ಸುತ್ತಲೂ ಮೇಡಂ ವಯಸ್ಸಿನ ಅರ್ಧದಷ್ಟೂ ಆಗದ ಹುಡುಗರು, ಅವರ ಬಣ್ಣಬಣ್ಣದ ಕೈಗವಸುಗಳು. ನಡುವೆ ಮೇಡಂ, ಚೂಡಿದಾರದ ಮೇಲೆ ಉದ್ದ ತೋಳಿನ ಅಂಗಿ ತೊಟ್ಟು, ಹಣೆಯ ಕುಂಕುಮ ಹೆಲ್ಮೆಟ್ಟಿಗೆ ತಾಗದಂತೆ ಒರೆಸಿಕೊಂಡರು. “ಮೇಡಂ, ಒಡೆದರೆ?” ಎಂದೆ. ಅವರು ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡರು. ಜಾಗರೂಕರೇ ಹೌದು.

ಕಾಣುವುದಕ್ಕಿಂತ ಕೇಳುವುದೇ ಹೆಚ್ಚಿತ್ತು. ನೀಲಿ ಕಾರು ಗುಡ್ಡದ ಮರೆಗೆ ಹೋದರೂ ಅದರ ದನಿ ಬೇರೆಯಾಗಿ ಕೇಳುತ್ತಿತ್ತು. ಮೊದಲ ಸುತ್ತುಗಳಲ್ಲಿ ದನಿ ಒಂದೆತ್ತರಕ್ಕೆ ಏರಿ, ಅಲ್ಲಿಂದ ಸಭ್ಯವಾಗಿ ಇಳಿಯುತ್ತಿತ್ತು. ಹುಡುಗರು ಎರಡೂ ಬದಿಯಿಂದ ದಾಟಿ ಹೋದರು. ಆಮೇಲೊಂದು ಸುತ್ತಿನಲ್ಲಿ, ಎದುರಿನ ನೇರ ದಾರಿಯಲ್ಲಿ, ದನಿ ಇಳಿಯಬೇಕಾದ ಕಡೆ ಇಳಿಯಲಿಲ್ಲ. ಏರಿತು. ಇನ್ನೂ ಏರಿತು. ನನ್ನ ಕೈ ಬೇಲಿಯ ತಂತಿಯನ್ನು ಹಿಡಿದಿತ್ತು. ಬಹಳ ಎತ್ತರದಲ್ಲಿ ಆ ದನಿ ಸ್ವಲ್ಪ ದಪ್ಪಗಾಯಿತು, ಮುಂದಕ್ಕೆ ಹೋಗಲು ಅನುಮತಿ ಕೇಳುವವರ ಹಾಗೆ ತಡವರಿಸಿತು. ಅದು ಒಡೆಯುವ ಸದ್ದಲ್ಲ. ತಡೆದ ಸದ್ದು. ಮರು ಸುತ್ತಿನಲ್ಲಿ ಮತ್ತೆ ಅದೇ. ಮತ್ತೆ ಅದೇ.

ಕಾರು ಒಳಗೆ ಬಂದು ನಿಂತಾಗ ಬಾನೆಟ್ಟಿನ ಮೇಲೆ ಬಿಸಿಗಾಳಿ ನಡುಗುತ್ತಿತ್ತು. ಅವರು ಬಾವಿಯಿಂದ ಮೇಲೆದ್ದ ಹಾಗೆ ಎದ್ದು ಹೆಲ್ಮೆಟ್ ತೆಗೆದರು. ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಕಣ್ಣು ಹೊಳೆಯುತ್ತಿತ್ತು. ಅವರ ಮುಖದಲ್ಲಿ ಅಷ್ಟು ಚಿಕ್ಕ ವಯಸ್ಸನ್ನು ನಾನು ಹಿಂದೆ ಕಂಡಿರಲಿಲ್ಲ.

“ಚೆನ್ನಾಗಿತ್ತೇ ಮೇಡಂ? ಇರುವುದೇ ಸಾಕಲ್ಲವೇ?”

“ಸಾಲ್ದು ಕಣೇ!”

“ಅಂದರೆ?”

“ಅಲ್ಲಿ ಉಸಿರು ಕಟ್ಟತ್ತೆ. ಓಡೋ ಮಗೂನ ಹಿಂದಿನಿಂದ ಅಂಗಿ ಹಿಡ್ಕೊಂಡ ಹಾಗೆ. ಇಷ್ಟು ವರ್ಷ ಕಾರು ಕೊಂಡವರೆಲ್ಲ ಹೇಗೆ ಸಹಿಸ್ಕೊಂಡ್ರು? ನಾನಾಗಿದ್ರೆ ಬಂದು ಜಗಳ ಆಡ್ತಿದ್ದೆ.”

ಹೆಲ್ಮೆಟ್ಟನ್ನು ನನ್ನ ಕೈಗೆ ತುರುಕಿ ಅವರು ಅಲ್ಲಿಗೆ ಬಂದಿದ್ದ ಅಂಗಡಿಯ ಮಾಲೀಕರ ಬಳಿಗೆ ನೇರವಾಗಿ ನಡೆದರು. ನಾನು ಹಿಂದೆ ಓಡಿದೆ. ಮಾಲೀಕರು ಮೂರು ಬಗೆಯ ಟ್ಯೂನಿಂಗಿನ ವಿವರವನ್ನು ಹೇಳತೊಡಗಿದರು. ಮೇಡಂ ತಲೆಯಲ್ಲಾಡಿಸಿದರು. ಅವರಿಗೆ ಬೇಕಾದದ್ದು ಒಂದೇ ಮೂಲೆ. ಅದರಲ್ಲೂ ಎಲ್ಲವನ್ನೂ ತೆಗೆಯಬಾರದು. ಮೇಲೆ ಕೂರಿಸಿದ ಒಂದು ಪದರವನ್ನು ಮಾತ್ರ ಬಿಚ್ಚಬೇಕು, ಅದರ ಕೆಳಗಿನ ಹಿರಿಯರ ಎಚ್ಚರಿಕೆಯನ್ನು ಹಾಗೆಯೇ ಬಿಡಬೇಕು. ಎಲ್ಲಿಂದ ಎಲ್ಲಿಯವರೆಗೆ, ಎಷ್ಟೆಷ್ಟು ಎಂದು ನೋಡದೆಯೇ ಹೇಳಿದರು.

ಮಾಲೀಕರು ಟೋಪಿಯನ್ನು ಸರಿಸಿ ಅವರ ಮುಖವನ್ನೇ ನೋಡಿದರು. ಯಾವುದು ಯಾರ ಪದರವೆಂದು ನಿಮಗೆ ಹೇಗೆ ಗೊತ್ತು, ಎಂದು ಕೇಳಿದರು.

ಮೇಡಂ ಕಾಲು ಜೋಡಿಸಿ, ಕೈಗಳನ್ನು ತೊಡೆಯ ಮೇಲಿಟ್ಟು, ಇಲ್ಲಿಯವರು ದೊಡ್ಡ ತಪ್ಪಿಗೆ ಬಾಗುವಷ್ಟು ಆಳಕ್ಕೆ ಬಾಗಿದರು. “ಅದನ್ನು ಬರೆದವಳು ನಾನು. ಇಷ್ಟು ಕಾಲ ತಮಗೆಲ್ಲ ತೊಂದರೆ ಕೊಟ್ಟಿದ್ದೇನೆ.”

ಮಾಲೀಕರು ಕಾರನ್ನು ನೋಡಿದರು, ಅವರನ್ನು ನೋಡಿದರು. ಟೋಪಿ ಕೈಗೆ ಬಂದಿತ್ತು. ಅವರೂ ಬಾಗಿದರು. ಅವರ ಮೊದಲ ಕಾರೂ ಇದೇ ಮಾದರಿಯದಂತೆ. “ಅಲ್ಲಿ ಏನೋ ಇದೆ ಎಂದು ನನಗೆ ಯಾವಾಗಲೂ ಅನಿಸುತ್ತಿತ್ತು,” ಎಂದರು. ಬಾಗಿದ ಇಬ್ಬರಲ್ಲಿ ಯಾರು ಮೊದಲು ತಲೆಯೆತ್ತಬೇಕೆಂದು ಇಬ್ಬರಿಗೂ ತಿಳಿಯದೆ ಸ್ವಲ್ಪ ಹೊತ್ತು ಹಾಗೆಯೇ ಕಳೆಯಿತು.

ಮೇಡಂ ಮೊದಲು ನೆಟ್ಟಗಾದರು. ಕೀಲಿಯನ್ನು ಎರಡೂ ಕೈಗಳಿಂದ ಮಾಲೀಕರ ಮುಂದೆ ಹಿಡಿದರು. ಅವರು ಅದನ್ನು ತೆಗೆದುಕೊಳ್ಳುವ ಮೊದಲೇ, “ಇವತ್ತೇ ಆಗುತ್ತದೆಯೇ?” ಎಂದು ಕೇಳಿದರು.